ಅರ್ಧ ಚಳಿಗಾಲ

ಉಮಿಯೊ ನಗರ, ಶೀತಕೋಣೆ ನಂಬರ್ ನಾಲ್ಕು.
ನಾಲ್ಕೇ ಡಿಗ್ರಿ, ಎಂಟು ತಾಸು ಬಿಳಿ ದೀಪ.
ಹನ್ನೆರಡು ವಾರದ ಚಳಿಗಾಲವನ್ನು
ಸ್ವಿಚ್ಚು ಒತ್ತಿ ನಾನೇ ಶುರುಮಾಡುತ್ತೇನೆ,
ಸಂಬಳಕ್ಕೆ.

ತಟ್ಟೆ ತುಂಬ ಗಿಡ. ಉಗುರಿನಷ್ಟೆಲೆ.
ಬಂಡೆಸಂದಿನ ಕಳೆ; ತಿನ್ನಲು ಬಾರದು, ಮುಡಿಯಲು ಬಾರದು.
ಬಿಸಿಲು ಕಂಡ ಮಾತ್ರಕ್ಕೆ ಅರಳುವ ಜಾತಿಯಲ್ಲ.
ಒಳಗೊಂದು ಜೀನು ಕೂತಿದೆ ಸುಂಕದವನ ಹಾಗೆ,
ಅವನ ಮುಂದೆ ಯಾರ ಸುಖದುಃಖವೂ ನಡೆಯದು.
ಹೂವೇ? ಈಗ ಬೇಡ, ಅನ್ನುತ್ತಾನೆ.
ಈಗಲೂ ಬೇಡ.

ಅವನ ಬಾಯಿ ಕಟ್ಟುವುದು ಚಳಿ ಮಾತ್ರ.
ಡಿಎನ್‌ಎ ಬಿಡಿ ನೂಲಾಗಿ ಬಿದ್ದಿರುವುದಿಲ್ಲ,
ಹಿಸ್ಟೋನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ.
ಉಂಡೆಗಳಿಗೆ ಬಾಲ. ಮೂರನೆಯ ಹಿಸ್ಟೋನಿನ ಬಾಲದಲ್ಲಿ
ಇಪ್ಪತ್ತೇಳನೆಯ ಮಣಿ, ಲೈಸಿನ್.
ಅದರ ತಲೆಗೆ ಮೂರು ಮೀಥೈಲ್ ಏರಿದವೋ
ನೂಲು ಬಿಗಿಯುತ್ತದೆ, ಓದಲು ಬಂದವರು ಮುಂದಕ್ಕೆ ಹೋಗುತ್ತಾರೆ.
ಅಕ್ಷರ ಒಂದೂ ಅಳಿಸಿಲ್ಲ.
ಪುಸ್ತಕ ಕೈಯಲ್ಲಿದೆ, ಬಿಚ್ಚಲು ಬಾರದು.

ಅದೇ ಬಾಲದ ನಾಲ್ಕನೆಯ ಮಣಿಗೆ
ಅದೇ ಮೂರು ಚುಕ್ಕೆ ಬಿದ್ದರೆ ಮಾತು ಉಲ್ಟಾ:
ಇಲ್ಲಿದೆ, ಬಾ, ಓದು.
ಕುಂಕುಮದ ಬೊಟ್ಟಿಗೂ ಮೆತ್ತಿದ ಕಲೆಗೂ
ಜಾಗದ್ದೇ ವ್ಯತ್ಯಾಸ.

ಆರನೆಯ ವಾರ, ಶನಿವಾರ ರಾತ್ರಿ, ಕಂಪ್ರೆಸರ್ ಕೈಕೊಟ್ಟಿತು.
ಸೋಮವಾರ ಬಾಗಿಲು ತೆರೆದರೆ ಒಳಗೆ ಇಪ್ಪತ್ತೊಂದು ಡಿಗ್ರಿ,
ಹೊರಗೆ ಮೊಣಕಾಲಿನವರೆಗೆ ಹಿಮ.
ಎಸೆಯಲೇ, ಎಂದೆ. ಸಿಗ್ವಾರ್ಡ್ ತಲೆಯಾಡಿಸಿದ.
ಅರ್ಧ ಚಳಿಗಾಲವೆಂದರೆ ಅರ್ಧ ಮೌನವಲ್ಲ, ನೋಡು ಬಾ.
ಸೂಕ್ಷ್ಮದರ್ಶಕದಡಿ ಬೇರಿನ ತುದಿ:
ಒಂದು ಕೋಶ ನೀಲಿ, ಅಲ್ಲಿ ಸುಂಕದವನಿಗೆ ಎಚ್ಚರ.
ಪಕ್ಕದ್ದು ಖಾಲಿ. ಮತ್ತೆರಡು ನೀಲಿ. ಒಂದು ಸಾಲಿಡೀ ಖಾಲಿ.
ಪಿಸುಮಾತು ಎಲ್ಲೂ ಇಲ್ಲ.
ಖಾಲಿಯ ಮಕ್ಕಳು ಖಾಲಿ, ನೀಲಿಯ ಮಕ್ಕಳು ನೀಲಿ,
ರಾತ್ರಿ ಪಾಳಿಯವರ ಅಪಾರ್ಟ್‌ಮೆಂಟಿನ ಕಿಟಕಿಗಳು.

ನಮ್ಮಪ್ಪ ವಿಲ್ಯೋ ಟೋರ್ನಿಯೊ ಹೊಳೆಯವನು.
ಏಳನೆಯ ವಯಸ್ಸಿಗೆ ಶಾಲೆ. ಗೋಡೆಯ ಚಿತ್ರ ತೋರಿಸಿ
ಇದೇನು ಅಂದರು ಮೇಷ್ಟ್ರು. ಕುಕ್ಕಾ, ಅಂದ.
ಹೂವಿಗೆ ಅವನ ಅವ್ವನ ಮಾತು.
ಮಧ್ಯಾಹ್ನದ ಗಂಜಿ ತಪ್ಪಿತು, ಓಣಿಯಲ್ಲಿ ನಿಂತ.
ಎಷ್ಟು ಸಲ ನಿಂತನೋ ಹೇಳಲಿಲ್ಲ.
ನಮ್ಮೊಡನೆ ಬರೀ ಸ್ವೀಡಿಷ್, ನಾಯಿಯೊಡನೆಯೂ.
ಒಮ್ಮೆ ಮೀನು ಹಿಡಿಯಲು ಹೋದಾಗ ಹಿಮಗಡ್ಡೆ ಬಿರಿದು
ಸೊಂಟದವರೆಗೂ ಇಳಿದ. ಆಗ ಕೂಗಿದ್ದು
ಒಂದು ಪೂರ್ತಿ ವಾಕ್ಯ, ವಿಭಕ್ತಿ ಸಮೇತ.
ನನಗೆ ಅರ್ಥವಾಗಲಿಲ್ಲ. ಹಗ್ಗ ಎಸೆದೆ.

ಭಾಷೆ ಜೀನಲ್ಲ, ಶಾಲೆ ಹಿಮವಲ್ಲ,
ಸಿಗ್ವಾರ್ಡ್ ಕೇಳಿದರೆ ಬೈದಾನು, ಗೊತ್ತು.
ಗಿಡದಲ್ಲಿ ಆ ಮೌನವೇ ಹೂ ಬಿಡಿಸುತ್ತದೆ.
ಅಪ್ಪನ ಮೌನ ಬಿಡಿಸಿದ್ದು ನನ್ನನ್ನು ಇರಬಹುದು:
ಅಚ್ಚುಕಟ್ಟು ಸ್ವೀಡಿಷ್, ಈ ಬಿಳಿ ಕೋಟು, ಈ ಬೀಗದ ಕೈ.
ಬೀಜ ಕಟ್ಟುವಾಗ ಗಿಡ ಆ ಗುರುತನ್ನೆಲ್ಲ ಉಜ್ಜಿಬಿಡುತ್ತದೆ,
ಮರಿಗೆ ತಾಯಿ ಕಂಡ ಚಳಿಯ ಸುದ್ದಿಯೇ ಇಲ್ಲ.
ನನ್ನಲ್ಲಿ ಉಜ್ಜಲು ಏನಿತ್ತು?
ಕಟ್ಟಿಟ್ಟ ಪುಸ್ತಕವೂ ನನಗೆ ಬರಲಿಲ್ಲ.

ಮೇ ತಿಂಗಳು. ಅರ್ಧ ಚಳಿಯ ನಲವತ್ತು ಕುಂಡದಲ್ಲಿ
ಒಂಬತ್ತನೆಯದು ಮೊದಲು ಅರಳಿತು.
ನಾಲ್ಕು ಎಸಳು, ಅಕ್ಕಿಕಾಳಿಗಿಂತ ಸಣ್ಣದು.
ಫೋನು ಮಾಡಿ ಕೇಳಿದೆ: ಅಪ್ಪಾ, ಇದಕ್ಕೇನನ್ನುತ್ತಾರೆ?
ಆಚೆ ಉಸಿರು. ಗುದ್ದಲಿ ಗೋಡೆಗೊರಗಿಸಿದ ಸದ್ದು.
ಬ್ಲೂಮ್ಮ, ಅಂದ, ಸ್ವೀಡಿಷಿನಲ್ಲಿ, ಸರಿಯಾಗಿ.

ಚೀಟಿಯ ಮೇಲೆ ಬರೆದು ಕುಂಡಕ್ಕೆ ಚುಚ್ಚಿದೆ:
ಒಂಬತ್ತು. ಮೇ ಹದಿನಾರು. ಕುಕ್ಕಾ.
ಪೆನ್ಸಿಲಿನಲ್ಲಿ.
ಶಾಯಿಯಾದರೆ ನೀರು ಹಾಕುವಾಗ ಅಳಿಯುತ್ತದೆ.